ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಲ್ಕು ಅಂದ್ರೆ IIII ಆ, IV ಆ?

ಹೋದ ಸಂಚಿಕೇಲಿ ಯಾವುದೋ ಪ್ರಶ್ನೆಗೆ ಉತ್ತರ ಬರೀತಾ "ರೋಮನ್ ಅಂಕಿಗೆ ನಾವು ಸ್ಕೂಲಲ್ಲಿ ಕಲಿತ ರೂಲ್ಸನ್ನ ರೋಮನ್ನರೇ ಪಾಲಿಸ್ತಿರ್ಲಿಲ್ಲ" ಅಂತ ಒಂದೇ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ. ಅಷ್ಟಕ್ಕೇ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಬಂದು ಬಿದ್ದಿದಾವೆ, ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಒಬ್ರು ಮೇಷ್ಟ್ರಂತೂ "ಮಕ್ಕಳ ತಲೆ ಕೆಡಿಸೋ ಕೆಲ್ಸ ಬೇಡ" ಅಂತ ನೇರವಾಗೇ ಬರೆದಿದಾರೆ. ಹಂಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ ಮೀಸಲು, ಅಡಿಕೆ ಕೊಳೆರೋಗದ ಪ್ರಶ್ನೆ ಕಳಿಸಿದೋರು ಒಂದು ತಿಂಗಳು ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ. (ಮರೆತೋರಿಗೆ: I ಒಂದು, V ಐದು, X ಹತ್ತು, L ಐವತ್ತು, C ನೂರು, D ಐನೂರು, M ಸಾವಿರ. ಸಣ್ಣದು ದೊಡ್ಡದರ ಎಡಕ್ಕೆ ಬಂದ್ರೆ ಕಳೀಬೇಕು, ಇಲ್ಲಾಂದ್ರೆ ಕೂಡಿಸ್ಬೇಕು.)

ಪ್ರಶ್ನೆ: ನಮ್ಮ ಹಳೇ ಮನೆ ಜಗಲೀಲಿ ಅಜ್ಜನ ಕಾಲದ ಲೋಲಕದ ಗಡಿಯಾರ ಇದೆ, ಈಗ್ಲೂ ನಡೀತದೆ. ಅದ್ರಲ್ಲಿ ನಾಲ್ಕಕ್ಕೆ IIII ಅಂತ ನಾಲ್ಕು ಗೀಟು ಹಾಕಿದಾರೆ, ಆದ್ರೆ ಒಂಬತ್ತಕ್ಕೆ ಸರಿಯಾಗಿ IX ಅಂತಾನೇ ಇದೆ. ಬೆಂಗಳೂರಿಂದ ಬಂದ ಮೊಮ್ಮಗ ಇದು ಡೂಪ್ಲಿಕೇಟ್ ಮಾಲು ಅಂತ ನಗಾಡ್ತಾನೆ. ಹೌದಾ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಮೊಮ್ಮಗನಿಗೆ ಹೇಳಿ, ಡೂಪ್ಲಿಕೇಟ್ ಅಲ್ಲ, ಗಡಿಯಾರ ಮಾಡೋರ ಸಂಪ್ರದಾಯವೇ ಅದು. ರೋಮನ್ ಅಂಕಿ ಇರೋ ಹಳೇ ಗಡಿಯಾರಗಳನ್ನ ನೋಡ್ತಾ ಹೋದ್ರೆ ಬಹುಪಾಲು ಕಡೆ IIII ಇರುತ್ತೆ, ಲಂಡನ್ನಿನ ಬಿಗ್ ಬೆನ್ ಥರ IV ಹಾಕಿರೋದೇ ಕಮ್ಮಿ. ಯಾಕೆ ಹಂಗೆ ಅನ್ನೋದಕ್ಕೆ ಕತೆಗಳು ಬೇಕಾದಷ್ಟಿದಾವೆ. ಯಾವುದೋ ರಾಜ ಹಠ ಹಿಡಿದ ಅನ್ನೋದೊಂದು, ಲ್ಯಾಟಿನ್ನಲ್ಲಿ ಜುಪಿಟರ್ ದೇವರ ಹೆಸರು IV ಅಂತ ಶುರುವಾಗ್ತದೆ, ದೇವರ ಹೆಸರನ್ನ ಹಂಗೆ ಬಳಸಬಾರದು ಅಂತ ಬಿಟ್ರು ಅನ್ನೋದಿನ್ನೊಂದು. ದೇವರ ಕತೆ ಕೇಳೋಕೆ ಚಂದ, ಆದ್ರೆ ಮೆಕ್ಯಾನಿಕಲ್ ಗಡಿಯಾರ ಬಂದಿದ್ದೇ ಯುರೋಪಿನ ಬಹುಭಾಗ ಕ್ರಿಶ್ಚಿಯನ್ ಆಗಿ ನೂರಾರು ವರ್ಷ ಆದ ಮೇಲೆ, ಅಲ್ಲಿ ಜುಪಿಟರಿಗೆ ಹೆದರೋರು ಯಾರಿದ್ರು ಅಂತ ನನಗೆ ಡೌಟು.

ನನಗೆ ಒಪ್ಪಿಗೆ ಆಗೋದು ಕಣ್ಣಿಗೆ ಕಾಣೋ ಕಾರಣ. ನಿಮ್ಮ ಗಡಿಯಾರದ ಮುಂದೆ ನಿಂತ್ಕೊಂಡು ನೋಡಿ. ಮೊದಲ ನಾಲ್ಕು ಗಂಟೇಲಿ ಬರೀ I, ಆಮೇಲಿನ ನಾಲ್ಕರಲ್ಲಿ V ಬರ್ತದೆ, ಕೊನೇ ನಾಲ್ಕರಲ್ಲಿ X ಬರ್ತದೆ, ಮೂರು ಪಾಲು ಸರೀ ಸಮ. ಎಡಗಡೆ ದಪ್ಪನೆ VIII ಇದೆಯಲ್ಲ, ಅದರ ಎದುರಿಗೆ ಬಲಗಡೆ ಸಣ್ಣ IV ಇದ್ರೆ ಮುಖ ಒಂದು ಕಡೆ ವಾಲಿದಂಗೆ ಕಾಣ್ತದೆ, IIII ಹಾಕಿದ್ರೆ ತೂಕ ಕೂರ್ತದೆ. ಇನ್ನೊಂದು, ಗಡಿಯಾರದ ಅಂಕಿಗಳ ಬುಡ ಮಧ್ಯಕ್ಕೆ ತಿರುಗಿರೋದ್ರಿಂದ ಕೆಳಗಡೆ ಇರೋ IV ಮತ್ತೆ VI ಎರಡೂ ತಲೆಕೆಳಗಾಗಿ ಗೊಂದಲ ಆಗ್ತದೆ.

ಇದೆಲ್ಲ ಆಮೇಲಿನ ಮಾತಾಯ್ತು. ಮುಖ್ಯ ವಿಷಯ ಏನಂದ್ರೆ IIII ಅನ್ನೋದು ತಪ್ಪೇ ಅಲ್ಲ, ರೋಮನ್ನರು ಎಷ್ಟೋ ಕಡೆ ಬರೀತಿದ್ದಿದ್ದೇ ಹಂಗೆ. ಕ್ರಿ.ಶ. 80ರಲ್ಲಿ ಉದ್ಘಾಟನೆ ಆದ ರೋಮಿನ ಕೊಲೋಸಿಯಂ ಅನ್ನೋ ದೊಡ್ಡ ಕ್ರೀಡಾಂಗಣ ಇದೆಯಲ್ಲ, ಅದಕ್ಕೆ ಸುತ್ತ 80 ಕಮಾನು ಬಾಗಿಲು, ಅದ್ರಲ್ಲಿ 76ಕ್ಕೆ ನಂಬರ್ ಕೆತ್ತಿದ್ರು, ಜನ ತಮ್ಮ ಟಿಕೆಟ್ ನೋಡ್ಕೊಂಡು ಅದೇ ಬಾಗಿಲಲ್ಲಿ ಒಳಗೆ ಹೋಗ್ಬೇಕಿತ್ತು. ಆ ಗೋಡೆ ಈಗ ಅರ್ಧ ಬಿದ್ದೋಗಿದೆ, ಉಳಿದಿರೋ ನಂಬರುಗಳು 23ರಿಂದ 54ರವರೆಗೆ. ಆ 54 ಅಲ್ಲಿ ಇರೋದು LIIII ಅಂತ. ಇನ್ನೂ ಮಜಾ ಅಂದ್ರೆ 44ನೇ ಬಾಗಿಲು XLIIII. ನಲವತ್ತಕ್ಕೆ ಐವತ್ತರಲ್ಲಿ ಹತ್ತು ಕಳೆದು XL ಬರೆದ ಕಲ್ಲುಕುಟಿಗನೇ ನಾಲ್ಕಕ್ಕೆ ಮಾತ್ರ ಕಳೀದೆ ನಾಲ್ಕು ಗೀಟು ಹೊಡೆದಿದಾನೆ. ಒಂದೇ ನಂಬರಲ್ಲಿ ಎರಡು ಪದ್ಧತಿ! ನಿಮ್ಮ ಗಡಿಯಾರ IIII ಜತೆಗೆ IX ಇಟ್ಕೊಂಡಿರೋದೂ ಅದೇ ಜಾತಿದು.

ಪ್ರಶ್ನೆ: ಆರನೇ ಕ್ಲಾಸ್ ಓದೋ ಮಗಳು ಟೆಸ್ಟಲ್ಲಿ 99ಕ್ಕೆ IC ಅಂತ ಬರೆದ್ಲು, ರಾಂಗ್ ಹಾಕಿದಾರೆ. "ನೂರರಲ್ಲಿ ಒಂದು ಕಮ್ಮಿ ಅಂದ್ರೆ 99 ಅಲ್ವಾ ಅಮ್ಮಾ, ಯಾಕೆ ತಪ್ಪು" ಅಂತ ಕೇಳ್ತಾಳೆ. ನನಗೂ ಗೊತ್ತಿಲ್ಲ. ನಿಜವಾಗ್ಲೂ ರೂಲ್ ಏನು? (ಶಿಕಾರಿಪುರದಿಂದ ಒಬ್ರು ತಾಯಿ)

ಉತ್ತರ: ಮಗಳ ತಲೆ ಚೆನ್ನಾಗೇ ಓಡ್ತಿದೆ, ಅದನ್ನ ಮೊದ್ಲು ಅವಳಿಗೆ ಹೇಳಿ. ಮಾರ್ಕ್ಸಿನ ವಿಷಯಕ್ಕೆ ಬಂದ್ರೆ ಟೀಚರ್ ಹಾಕಿದ್ದೂ ಸರೀನೇ, ಯಾಕಂದ್ರೆ ಪಠ್ಯಪುಸ್ತಕ ಹೇಳೋದು ಇವತ್ತಿನ ಪದ್ಧತಿ. ಅದ್ರಲ್ಲಿ I ಅನ್ನ V ಮತ್ತೆ X ಎರಡರ ಎಡಕ್ಕೆ ಮಾತ್ರ ಇಟ್ಟು ಕಳೀಬಹುದು, X ಅನ್ನ L ಮತ್ತೆ C ಎಡಕ್ಕೆ, C ಅನ್ನ D ಮತ್ತೆ M ಎಡಕ್ಕೆ, ಅಷ್ಟೇ. ಕಳೆಯೋದೂ ಒಂದೇ ಒಂದು ಅಕ್ಷರ. V, L, D ಗಳನ್ನ ಎರಡು ಸಲ ಬರೆಯೋ ಹಂಗಿಲ್ಲ, ಬೇರೆಯವನ್ನ ಸತತ ಮೂರಕ್ಕಿಂತ ಜಾಸ್ತಿ ಬರೆಯೋ ಹಂಗಿಲ್ಲ. ಇದರ ಒಳಗುಟ್ಟು ಏನಂದ್ರೆ ಪ್ರತಿ ಸ್ಥಾನವನ್ನೂ ಬೇರೆ ಬೇರೆಯಾಗಿ ಬರೀತಾರೆ, ನಾವು 99 ಅನ್ನ ತೊಂಬತ್ತು ಮತ್ತೆ ಒಂಬತ್ತು ಅಂತ ಒಡೆದಂಗೆ, ತೊಂಬತ್ತು XC, ಒಂಬತ್ತು IX, ಸೇರಿಸಿದ್ರೆ XCIX. ಇಷ್ಟು ಹೇಳ್ಕೊಟ್ರೆ ಮಗು ಇನ್ಯಾವತ್ತೂ ತಪ್ಪಲ್ಲ, 1999ಕ್ಕೆ MIM ಅಂತ ಬರೆಯೋ ಆಸೆನೂ ಹೋಗ್ತದೆ, ಅದು MCMXCIX.

ಆದ್ರೆ ಈ ರೂಲ್ಸನ್ನ ಯಾವ ರೋಮನ್ ಚಕ್ರವರ್ತಿನೂ ಹೊರಡಿಸಿದ ಆರ್ಡರ್ ಅಲ್ಲ. ಪ್ರಿಂಟಿಂಗ್ ಬಂದು, ಸ್ಕೂಲ್ ಪುಸ್ತಕ ಬಂದು, ಎಲ್ರೂ ಒಂದೇ ಥರ ಬರೀಲಿ ಅಂತ ನಿಧಾನಕ್ಕೆ ಗಟ್ಟಿಯಾಗಿದ್ದು. ಆ ಕಾಲದಲ್ಲಿ ಓದೋನಿಗೆ ಅರ್ಥ ಆದ್ರೆ ಸಾಕಿತ್ತು. ಮಗಳಿಗೆ ತೋರಿಸೋಕೆ ನನ್ನ ಇಷ್ಟದ ಸಾಕ್ಷಿ ಒಂದಿದೆ, ಜರ್ಮನಿಯ ಕ್ಸಾಂಟೆನ್ ಹತ್ರ ಸಿಕ್ಕಿ ಈಗ ಬಾನ್ ನಗರದ ಮ್ಯೂಸಿಯಮ್ಮಲ್ಲಿರೋ ಒಂದು ಸ್ಮಾರಕ ಕಲ್ಲು. ನಮ್ಮ ಕಡೆ ವೀರಗಲ್ಲು ಇದ್ದಂಗೇ ಅಂತ ಇಟ್ಕೊಳಿ. ಮಾರ್ಕಸ್ ಕೇಲಿಯಸ್ ಅನ್ನೋ ಸೆಂಚುರಿಯನ್, ಅಂದ್ರೆ ದಳದ ನಾಯಕ, ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಲ್ಲಿ ವಾರಸ್ ಅನ್ನೋ ಸೇನಾಧಿಪತಿಯ ಪಡೆ ಪೂರ್ತಿ ನಾಶ ಆಯ್ತಲ್ಲ, ಆ ಯುದ್ಧದಲ್ಲಿ ಸತ್ತ. ಅವನ ಸಹೋದರ ನಿಲ್ಲಿಸಿದ ಕಲ್ಲು ಅದು. ಅವನಿದ್ದಿದ್ದು 18ನೇ ಲೀಜನ್ನು, ಅಂದ್ರೆ ರೋಮನ್ ಸೈನ್ಯದ ಒಂದು ದೊಡ್ಡ ತುಕಡಿ. ಇವತ್ತಿನ ರೂಲ್ ಪ್ರಕಾರ XVIII. ಕಲ್ಲಲ್ಲಿ ಇರೋದು XIIX! ಅಂದ್ರೆ ಹತ್ತು, ಆಮೇಲೆ ಹತ್ತರಲ್ಲಿ ಎರಡು ಕಮ್ಮಿ. ಇವತ್ತು ಯಾರಾದ್ರೂ ಟೆಸ್ಟಲ್ಲಿ ಹಂಗೆ ಬರೆದ್ರೆ ಸೊನ್ನೆ ಗ್ಯಾರಂಟಿ. ಆದ್ರೆ ಅವರ ಮಾತಲ್ಲೇ ಹದಿನೆಂಟನ್ನ "ಇಪ್ಪತ್ತಕ್ಕೆ ಎರಡು ಕಮ್ಮಿ" ಅಂತಾನೇ ಹೇಳ್ತಿದ್ರು, ಹತ್ತೊಂಬತ್ತು "ಇಪ್ಪತ್ತಕ್ಕೆ ಒಂದು ಕಮ್ಮಿ", ನಿಮ್ಮ ಮಗಳ 99 ಕೂಡ "ನೂರಕ್ಕೆ ಒಂದು ಕಮ್ಮಿ". ಮಾತಾಡಿದಂಗೆ ಕೆತ್ತಿದ, ಅಷ್ಟೇ.

ಅದೇ ಕಲ್ಲಲ್ಲಿ ಅವನ ವಯಸ್ಸು LIII S ಅಂತ ಇದೆ. 53, ಮತ್ತೆ ಆ S ಏನು ಅಂತ ತಲೆ ಕೆರ್ಕೋಬೇಡಿ, ಅದು ಅರ್ಧ. ಐವತ್ಮೂರೂವರೆ ವರ್ಷ. ಅರ್ಧಕ್ಕೂ ಅವರಿಗೆ ಗುರುತು ಇತ್ತು ಅನ್ನೋದು ನಮ್ಮ ಪಠ್ಯಪುಸ್ತಕದಲ್ಲಿ ಬರೋದೇ ಇಲ್ಲ, ಮುಂದಿನ ಪ್ರಶ್ನೇಲಿ ಅದರ ಬಗ್ಗೆ ಹೇಳ್ತೀನಿ.

ಹಾಂ, ಮಗಳು ಕಂಪ್ಯೂಟರ್ ಮುಟ್ಟೋದಾದ್ರೆ ಎಕ್ಸೆಲ್‌ನಲ್ಲಿ ರೋಮನ್ ಅನ್ನೋ ಫಂಕ್ಷನ್ ಹಾಕಿ ತೋರಿಸಿ. 499 ಕೊಟ್ರೆ CDXCIX ಅಂತ ನೀಟಾಗಿ ಕೊಡ್ತದೆ, ಪಕ್ಕದಲ್ಲಿ 4 ಅಂತ ಇನ್ನೊಂದು ಆಯ್ಕೆ ಸೇರಿಸಿದ್ರೆ ಚಿಕ್ಕದಾಗಿ ID ಅಂತ ಕೊಡ್ತದೆ, ಐನೂರಕ್ಕೆ ಒಂದು ಕಮ್ಮಿ. ಮೈಕ್ರೋಸಾಫ್ಟಿನವರೂ ನಿಮ್ಮ ಮಗಳ ಪಾರ್ಟಿನೇ. ಆದ್ರೂ ಪರೀಕ್ಷೇಲಿ XCIX ಬರೀರಿ ಅಂತ ಹೇಳಿ, ಪುಕ್ಕಟೆ ಒಂದು ಮಾರ್ಕ್ಸ್ ಯಾಕೆ ಕಳ್ಕೋಬೇಕು.

ಪ್ರಶ್ನೆ: ನಾನು ಅಡಿಕೆ ಮಂಡೀಲಿ ಲೆಕ್ಕ ಬರೆದು ಬರೆದು ರಿಟೈರ್ ಆದೋನು. ನಮ್ಮನೇಲಿ ಹಿಂದೆ ಶಾನುಭೋಗಿಕೆ ಇತ್ತು, ಕಡತದಲ್ಲಿ ವೀಸದವರೆಗೆ ಲೆಕ್ಕ ಬರೀತಿದ್ರು. ನನಗೆ ಅರ್ಥ ಆಗದೇ ಇರೋದು, ಈ X, V, I ಇಟ್ಕೊಂಡು ಅಷ್ಟು ದೊಡ್ಡ ಸಾಮ್ರಾಜ್ಯದ ಲೆಕ್ಕ ಹೆಂಗೆ ಮಾಡಿದ್ರು ಮಾರಾಯ್ರೆ? ಗುಣಾಕಾರ ಮಾಡೋಕಾದ್ರೂ ಬರ್ತದಾ ಅದ್ರಲ್ಲಿ? (ಸಾಗರದ ಓದುಗರು)

ಉತ್ತರ: ನಿಮ್ಮ ಪ್ರಶ್ನೆ ನೋಡಿ ಖುಷಿ ಆಯ್ತು, ಯಾಕಂದ್ರೆ ಇದಕ್ಕೆ ಎಲ್ಲ ಕಡೆ ಸಿಗೋ ರೆಡಿಮೇಡ್ ಉತ್ತರ "ಪಾಪ ಅವರಿಗೆ ಸೊನ್ನೆ ಇರ್ಲಿಲ್ಲ, ಲೆಕ್ಕ ಮಾಡೋಕೆ ಕಷ್ಟ ಪಡ್ತಿದ್ರು" ಅಂತ. ಅದು ಅರ್ಧ ಸತ್ಯ. ಅವರು ಆ ಅಂಕಿಗಳಲ್ಲಿ ಲೆಕ್ಕ ಮಾಡ್ತಾನೇ ಇರ್ಲಿಲ್ಲ. ಲೆಕ್ಕ ಮಾಡ್ತಿದ್ದಿದ್ದು ಹಲಗೆ ಮೇಲೆ ಕಲ್ಲು ಇಟ್ಟು, ಇಲ್ಲಾಂದ್ರೆ ಕೈಯಲ್ಲಿ ಹಿಡಿಯೋ ಸಣ್ಣ ಕಂಚಿನ ಅಬಾಕಸ್ಸಲ್ಲಿ. ಅಂಕಿ ಇರೋದು ಬಂದ ಉತ್ತರ ಬರೆದಿಡೋಕೆ ಮಾತ್ರ. ಈಗ ಮಂಡೀಲಿ ಕ್ಯಾಲ್ಕುಲೇಟರ್ ಒತ್ತಿ ಪಟ್ಟೀಲಿ ಮೊತ್ತ ಮಾತ್ರ ಬರೀತಾರಲ್ಲ, ಹಂಗೆ.

ಆ ಕಂಚಿನ ಅಬಾಕಸ್ ಬೆರಳೆಣಿಕೆಯಷ್ಟು ಮಾತ್ರ ಉಳಿದಿದಾವೆ, ಅಂಗೈ ಅಗಲದ ತಗಡು. ಅದ್ರಲ್ಲಿ ಉದ್ದಕ್ಕೆ ಮಣಿ ಜಾರೋ ಸೀಳುಗಳು. ಬಿಡಿ, ಹತ್ತು, ನೂರು, ಸಾವಿರ ಅಂತ ಹತ್ತು ಲಕ್ಷದವರೆಗೆ ಒಟ್ಟು ಏಳು. ಪ್ರತಿಯೊಂದರಲ್ಲೂ ಕೆಳಗಡೆ ನಾಲ್ಕು ಮಣಿ, ಮೇಲ್ಗಡೆ ತುಂಡು ಸೀಳಲ್ಲಿ ಒಂದು ಮಣಿ. ಕೆಳಗಿನದು ಒಂದೊಂದು, ಮೇಲಿನದು ಐದು. ಶಿವಮೊಗ್ಗದಲ್ಲಿ ಈಗ ಅಬಾಕಸ್ ಕ್ಲಾಸಿಗೆ ಹೋಗೋ ಮಕ್ಕಳ ಕೈಲಿ ಇರೋ ಜಪಾನಿ ಸೊರೊಬಾನ್ ನೋಡಿ, ಅದೂ ಮೇಲೆ ಒಂದು ಕೆಳಗೆ ನಾಲ್ಕೇ.

ಈಗ ಅದ್ರಲ್ಲಿ 77 ಹಾಕಿ. ಹತ್ತರ ಸೀಳಲ್ಲಿ ಮೇಲಿನ ಮಣಿ ಒಂದು, ಕೆಳಗಿನವು ಎರಡು, ಬಿಡಿ ಸೀಳಲ್ಲೂ ಅದೇ ಥರ. ಮೇಲಿನ ಮಣಿಗೆ L, ಕೆಳಗಿನವಕ್ಕೆ XX, ಆಮೇಲೆ V, II. ಅಂದ್ರೆ LXXVII. ಮಣಿ ನೋಡ್ಕೊಂಡು ಹಂಗೇ ಬರ್ಕೊಳೋದು, ಯೋಚನೆನೇ ಬೇಡ! ಇನ್ನು 4 ಹಾಕಿ, ಕೆಳಗಿನ ನಾಲ್ಕು ಮಣಿ ಮೇಲಕ್ಕೆ ಹೋಗ್ತಾವೆ, IIII. ಅಬಾಕಸ್ ಹಿಡಿದವನಿಗೆ IV ಅನ್ನೋದೇ ವಕ್ರ, ಐದರ ಮಣಿ ಮೇಲೆ ಹೋಗದೇ ಇರೋವಾಗ V ಎಲ್ಲಿಂದ ಬಂತು ಅಂತ ಅವನು ಕೇಳ್ತಾನೆ. ಹಳಬರು IIII, VIIII ಅಂತ ಅಷ್ಟೊಂದು ಕಡೆ ಬರೆದಿದ್ದು ಯಾಕೆ ಅನ್ನೋದು ಆ ತಗಡು ನೋಡಿದ ಮೇಲೆ ನನಗೆ ವಿಚಿತ್ರ ಅನ್ನಿಸೋದೇ ನಿಂತೋಯ್ತು.

ಬರೀ ಕಾಗದದ ಮೇಲೂ ಕೂಡಿಸೋಕೆ ಬರ್ತದೆ, ಹಳೇ ರೀತೀಲಿ ಬರೆದ್ರೆ ಸುಲಭ. ರಾಶಿ ಅಡಿಕೆ 127 ಚೀಲ, ಬೆಟ್ಟೆ ಅಡಿಕೆ 68 ಚೀಲ ಅಂತ ಇಟ್ಕೊಳಿ. CXXVII ಮತ್ತೆ LXVIII. ಎರಡನ್ನೂ ಸುರಿದು ಜಾತಿವಾರು ಬೇರ್ಪಡಿಸಿ: C ಒಂದು, L ಒಂದು, X ಮೂರು, V ಎರಡು, I ಐದು. ಐದು I ಸೇರಿದ್ರೆ ಒಂದು V, ಈಗ V ಮೂರಾದ್ವು, ಅದ್ರಲ್ಲಿ ಎರಡು ಸೇರಿ ಒಂದು X, ಉಳಿದಿದ್ದು V ಒಂದು. X ಈಗ ನಾಲ್ಕು. CLXXXXV, 195. ಇವತ್ತಿನ ಸ್ಟೈಲಲ್ಲಿ CXCV. ದಶಕ ಎತ್ಕೊಳೋದು ಗಿತ್ಕೊಳೋದು ಏನೂ ಇಲ್ಲ, ಚಿಲ್ಲರೆ ಕೊಟ್ಟು ನೋಟು ಮಾಡಿಸಿದಷ್ಟೇ. ಆದ್ರೆ ಇದೇ ಲೆಕ್ಕ IV, IX, XL ಇರೋ ಅಂಕಿಗಳಲ್ಲಿ ಮಾಡಿ ನೋಡಿ, ಕಳೆಯೋ ಅಕ್ಷರ ಯಾವುದು ಕೂಡಿಸೋದು ಯಾವುದು ಅಂತ ಗಲಿಬಿಲಿ ಆಗ್ತದೆ. ಕಳೆದು ಬರೆಯೋ ಪದ್ಧತಿ ಜಾಗ ಉಳಿಸೋಕೆ ಒಳ್ಳೇದು, ಕಲ್ಲು ಕೆತ್ತೋನಿಗೆ ಮೂರು ಏಟು ಕಮ್ಮಿ, ಲೆಕ್ಕ ಮಾಡೋನಿಗೆ ಅದು ಶತ್ರು.

ಗುಣಾಕಾರ ಕೇಳಿದ್ರಲ್ಲ. ಒಂದು ಹಳೇ ಉಪಾಯ ಇದೆ, ಈಜಿಪ್ಟಿನವರದ್ದು, ರೋಮನ್ನರು ಇದನ್ನೇ ಮಾಡ್ತಿದ್ರು ಅಂತ ನಾನು ಹೇಳ್ತಿಲ್ಲ, ಅವರ ಅಂಕಿಗೆ ಚೆನ್ನಾಗಿ ಒಗ್ಗುತ್ತೆ ಅಂತ ಮಾತ್ರ. ಲೋಡಿಗೆ 23 ಚೀಲದಂಗೆ 14 ಲೋಡು. 23ನ್ನ ದುಪ್ಪಟ್ಟು ಮಾಡ್ತಾ ಹೋಗಿ, ದುಪ್ಪಟ್ಟು ಮಾಡೋದು ಅಂದ್ರೆ ಪ್ರತಿ ಅಕ್ಷರ ಎರಡೆರಡು ಸಲ ಬರೆದು ಚಿಲ್ಲರೆ ಒಟ್ಟು ಮಾಡೋದು ಅಷ್ಟೇ. XXIII, ಎರಡರಷ್ಟು XXXXVI, ನಾಲ್ಕರಷ್ಟು LXXXXII, ಎಂಟರಷ್ಟು CLXXXIIII. 14 ಅಂದ್ರೆ ಎರಡು, ನಾಲ್ಕು, ಎಂಟು ಸೇರಿದ್ದು, ಹಂಗಾಗಿ ಮೊದಲನೇದು ಬಿಟ್ಟು ಉಳಿದ ಮೂರು ಸಾಲು ಕೂಡಿಸಿ. I ಏಳು, V ಒಂದು, X ಹನ್ನೊಂದು, L ಎರಡು, C ಒಂದು. ಏಳು I ಅಂದ್ರೆ V ಮತ್ತೆ II. V ಎರಡಾಯ್ತು, X ಆಯ್ತು. X ಹನ್ನೆರಡು, ಅಂದ್ರೆ L ಎರಡು ಮತ್ತೆ XX. L ನಾಲ್ಕಾದ್ವು, ಅಂದ್ರೆ C ಎರಡು. ಒಟ್ಟು CCCXXII, 322 ಚೀಲ. ಮಗ್ಗಿನೇ ಬೇಡ ಇದಕ್ಕೆ, ಎರಡನೇ ಮಗ್ಗಿ ಕೂಡ!

ನಿಮ್ಮ ವೀಸದ ವಿಷಯ. ನಮ್ಮಲ್ಲಿ ಹದಿನಾರರಲ್ಲಿ ಒಂದು ಪಾಲು ವೀಸ, ರೂಪಾಯಿಗೂ ಆಗ ಹದಿನಾರಾಣೆ, ಎಲ್ಲ ಅರ್ಧ ಅರ್ಧ ಮಾಡ್ತಾ ಹೋಗಿದ್ದು. ರೋಮನ್ನರದ್ದು ಹನ್ನೆರಡರ ಲೆಕ್ಕ. ಹನ್ನೆರಡರಲ್ಲಿ ಒಂದು ಪಾಲಿಗೆ ಉನ್ಸಿಯಾ ಅಂತ ಹೆಸರು, ಬರೆಯೋಕೆ ಒಂದು ಚುಕ್ಕೆ. ಎರಡು ಪಾಲಿಗೆ ಎರಡು ಚುಕ್ಕೆ, ಐದರವರೆಗೆ ಚುಕ್ಕೆ, ಆರಕ್ಕೆ ಅಂದ್ರೆ ಅರ್ಧಕ್ಕೆ S, ಆಮೇಲೆ S ಪಕ್ಕ ಚುಕ್ಕೆ. ಇಂಗ್ಲಿಷಿನವರ ಔನ್ಸು, ಇಂಚು ಎರಡೂ ಅದರ ಮಕ್ಕಳೇ, ಅಡಿಗೆ ಹನ್ನೆರಡು ಇಂಚು ಬಂದಿದ್ದೂ ಅದೇ ದಾರೀಲಿ. ಆ ಕಂಚಿನ ಅಬಾಕಸ್ಸಲ್ಲಿ ಇದಕ್ಕೇ ಅಂತ ಬೇರೆ ಸೀಳು ಇರ್ತದೆ, ಅದ್ರಲ್ಲಿ ಕೆಳಗೆ ನಾಲ್ಕರ ಬದ್ಲು ಐದು ಮಣಿ, ಮೇಲಿನ ಮಣಿಗೆ ಆರರ ಬೆಲೆ, ಹನ್ನೊಂದರವರೆಗೆ ಎಣಿಸಬೇಕಲ್ಲ. ಹೊರೇಸ್ ಅನ್ನೋ ರೋಮನ್ ಕವಿ ಕಾವ್ಯದ ಬಗ್ಗೆ ಬರೀತಾ ಮಧ್ಯದಲ್ಲಿ ಸ್ಕೂಲ್ ಹುಡುಗನ ಬಾಯಿಪಾಠ ತಂದು ಕೂರಿಸ್ತಾನೆ: ಹನ್ನೆರಡರಲ್ಲಿ ಐದು ಪಾಲಿದೆ, ಒಂದು ತೆಗೆದ್ರೆ ಎಷ್ಟು, ಹುಡುಗ ಮೂರರಲ್ಲೊಂದು ಅಂತಾನೆ, ಒಂದು ಸೇರಿಸಿದ್ರೆ ಎಷ್ಟು, ಅರ್ಧ ಅಂತಾನೆ. ಚಿಕ್ಕಂದಿನಿಂದ ಹಿಂಗೆ ದುಡ್ಡಿನ ಲೆಕ್ಕ ತಲೆಗೆ ತುಂಬಿದ್ರೆ ಇವರು ಕವಿತೆ ಎಲ್ಲಿ ಬರೀತಾರೆ ಅನ್ನೋದು ಅವನ ಗೋಳು. ನಿಮ್ಮ ಮನೇಲಿ ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿಸ್ತಿದ್ರಾ? ಹಂಗಿದ್ರೆ ನಿಮಗೆ ಆ ಹುಡುಗನ ಕಷ್ಟ ಗೊತ್ತು.

ಪ್ರಶ್ನೆ: ರೋಮನ್ ಅಂಕಿ 3999ಕ್ಕೆ ಮುಗೀತದೆ ಅಂತ ಯೂಟ್ಯೂಬಲ್ಲಿ ಕೇಳಿದೆ. ಹಂಗಾದ್ರೆ ಲಕ್ಷ, ಕೋಟಿ ಎಲ್ಲ? (ಹೊಸನಗರದ ಓದುಗರು)

ಉತ್ತರ: 3999ಕ್ಕೆ ಮುಗಿಯೋದು ಸ್ಕೂಲಿನ ಏಳು ಅಕ್ಷರದ ಪದ್ಧತಿ. ಸೈನ್ಯಕ್ಕೆ ಸಂಬಳ ಕೊಡೋರಿಗೆ ಅಷ್ಟರಲ್ಲಿ ಸಾಕಾಗ್ತದಾ? ಮೊದ್ಲೇ ಹೇಳ್ಬಿಡ್ತೀನಿ, ಸಾವಿರಕ್ಕೆ M ಅನ್ನೋದು ಅಂಕಿಯಾಗಿ ರೂಢಿಗೆ ಬಂದಿದ್ದು ಮಧ್ಯಯುಗದಲ್ಲಿ. ಹಳೇ ಕಾಲದಲ್ಲಿ ಸಾವಿರ ಅಂದ್ರೆ ನಡುವೆ ಒಂದು I, ಎಡಗಡೆ ಒಂದು C, ಬಲಗಡೆ ಕನ್ನಡೀಲಿ ಕಂಡಂಗೆ ಉಲ್ಟಾ C. ಅದರ ಬಲ ಅರ್ಧ ಮಾತ್ರ ತಗೊಂಡ್ರೆ ಐನೂರು, ನೋಡೋಕೆ D ಥರಾನೇ ಕಾಣ್ತದೆ, D ಬಂದಿದ್ದೇ ಹಂಗೆ. ಎರಡೂ ಕಡೆ ಇನ್ನೊಂದೊಂದು C ಸುತ್ತಿದ್ರೆ ಹತ್ತು ಸಾವಿರ, ಮತ್ತೊಂದು ಸುತ್ತಿದ್ರೆ ಲಕ್ಷ. ಇದಲ್ಲದೆ ಅಂಕಿ ಮೇಲೆ ಒಂದು ಗೆರೆ ಎಳೆದ್ರೆ ಸಾವಿರ ಪಟ್ಟು ಅಂತ ಇನ್ನೊಂದು ಪದ್ಧತಿ. ಮೇಲೆ ಗೆರೆ ಜತೆಗೆ ಎಡ ಬಲ ಎರಡೂ ಕಡೆ ಗೋಡೆ ಎಬ್ಬಿಸಿದ್ರೆ ಲಕ್ಷ ಪಟ್ಟು. ಹೌದು, ಕರೆಕ್ಟಾಗಿ ನಮ್ಮ ಲಕ್ಷ! X ಸುತ್ತ ಆ ಮೂರು ಗೋಡೆ ಹಾಕಿದ್ರೆ ಹತ್ತು ಲಕ್ಷ. ಅವರು ದುಡ್ಡಿನ ಮಾತಾಡೋವಾಗ್ಲೂ ದೊಡ್ಡ ಮೊತ್ತವನ್ನ "ಹತ್ತು ಸಲ ನೂರು ಸಾವಿರ" ಅಂತ ಹೇಳಿ, ಆಮೇಲೆ ನೂರು ಸಾವಿರ ಅನ್ನೋದನ್ನ ನುಂಗಿ ಬರೀ "ಹತ್ತು ಸಲ" ಅಂತಿದ್ರು, ರಿಯಲ್ ಎಸ್ಟೇಟ್ ಬ್ರೋಕರುಗಳು "ಐವತ್ತು ಹೇಳ್ತಿದಾರೆ" ಅಂದ್ರೆ ಐವತ್ತು ಲಕ್ಷ ಅಂತ ನಾವು ತಿಳ್ಕೊಳಲ್ವಾ.

ಇದ್ರಲ್ಲಿ ಎಂಥಾ ಅಪಾಯ ಇತ್ತು ಅನ್ನೋದಕ್ಕೆ ಸ್ಯೂಟೋನಿಯಸ್ ಅನ್ನೋ ರೋಮನ್ ಚರಿತ್ರೆಕಾರ ಬರೆದಿಟ್ಟ ಒಂದು ಪ್ರಸಂಗ ಇದೆ. ಅಗಸ್ಟಸ್ ಚಕ್ರವರ್ತಿ ಹೆಂಡತಿ ಲಿವಿಯಾ ಕ್ರಿ.ಶ. 29ರಲ್ಲಿ ತೀರ್ಕೊಂಡ್ಳು, ವಿಲ್ಲಲ್ಲಿ ಗಾಲ್ಬಾ ಅನ್ನೋನಿಗೆ ಐದು ಕೋಟಿ ಸೆಸ್ಟರ್ಸ್ ಬರೆದಿದ್ಲು, ಸೆಸ್ಟರ್ಸ್ ಅಂದ್ರೆ ಅವರ ನಾಣ್ಯ. ಮೊತ್ತ ಬರೆದಿದ್ದು ಅಂಕೀಲಿ, ಅಕ್ಷರದಲ್ಲಲ್ಲ. ವಾರಸುದಾರ ಮಗ ಟೈಬೀರಿಯಸ್, ಆಗ ಅವನೇ ಚಕ್ರವರ್ತಿ, ಇದು ಐನೂರು "ಲಕ್ಷ" ಅಲ್ಲ ಐನೂರು "ಸಾವಿರ" ಅಂತ ಓದಿ ಐದು ಕೋಟಿಯನ್ನ ಐದು ಲಕ್ಷಕ್ಕೆ ಇಳಿಸಿದ. ಎರಡು ಗೋಡೆ ಇದ್ವೋ ಇಲ್ವೋ ಅನ್ನೋದ್ರಲ್ಲಿ ನಾಲ್ಕೂಮುಕ್ಕಾಲು ಕೋಟಿಗಿಂತ ಜಾಸ್ತಿ ಮಾಯ! ಕೊನೆಗೆ ಆ ಐದು ಲಕ್ಷಾನೂ ಕೊಡ್ಲಿಲ್ಲ. ಚೆಕ್ಕಲ್ಲಿ ಅಕ್ಷರದಲ್ಲೂ ಬರೀರಿ ಅಂತ ಬ್ಯಾಂಕಿನವರು ಹೇಳೋವಾಗ ಗೊಣಗೋರು ಗಾಲ್ಬಾನ್ನ ನೆನೆಸ್ಕೊಳಿ. (ಅವನು ಮುಂದೆ 68ರಲ್ಲಿ ತಾನೇ ಚಕ್ರವರ್ತಿ ಆದ, ಏಳು ತಿಂಗಳಷ್ಟೇ ಇದ್ದಿದ್ದು, ಆ ಕತೆ ಬೇರೆ.)

ಪ್ರಶ್ನೆ: ಸೊನ್ನೆಗೆ ರೋಮನ್ನಲ್ಲಿ ಏನು ಬರೀಬೇಕು? (ಕೊಪ್ಪದ ಹೈಸ್ಕೂಲ್ ಹುಡುಗ)

ಉತ್ತರ: ಏನೂ ಬರೀಬಾರದು, ಅಬಾಕಸ್ಸಲ್ಲಿ ಮಣಿ ಸರಿಸದೇ ಬಿಟ್ರೆ ಅದೇ ಸೊನ್ನೆ. ಈಸ್ಟರ್ ಹಬ್ಬದ ತಾರೀಕು ಲೆಕ್ಕ ಹಾಕೋ ಪಾದ್ರಿಗಳು ಮಾತ್ರ ಪಟ್ಟಿ ಖಾಲಿ ಬಿಡೋಕಾಗದೆ "ನುಲ್ಲಾ", ಅಂದ್ರೆ ಏನಿಲ್ಲ, ಅನ್ನೋ ಪದ ಹಾಕ್ತಿದ್ರು, 525ರಲ್ಲಿ ಡಯೋನಿಸಿಯಸ್ ಅನ್ನೋ ಸನ್ಯಾಸಿ ಹಂಗೆ ಮಾಡಿದಾನೆ, ನಾವು ಬಳಸೋ ಕ್ರಿಸ್ತಶಕ ಶುರು ಮಾಡಿದ್ದೂ ಅವನೇ. ಸುಮಾರು 725ರ ಹೊತ್ತಿಗೆ ಇಂಗ್ಲೆಂಡಲ್ಲಿ ಅದನ್ನ ಮೊಟಕು ಮಾಡಿ N ಅಂತ ಬರೆದಿದ್ದೂ ಇದೆ. ಅಷ್ಟರಲ್ಲಿ ನಮ್ಮ ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯನ್ನ ಕೂಡಿಸೋದು ಕಳೆಯೋದು ಹೆಂಗೆ ಅಂತ ಸೂತ್ರ ಬರೆದಾಗಿತ್ತು. ಆದ್ರೆ ಜಂಬ ಬೇಡ, ಅದಕ್ಕೂ ಹಿಂದಿನ ನಮ್ಮ ಬ್ರಾಹ್ಮಿ ಅಂಕಿಯಲ್ಲೂ ಸೊನ್ನೆ ಇರ್ಲಿಲ್ಲ, ಹತ್ತಕ್ಕೊಂದು ಗುರುತು, ಇಪ್ಪತ್ತಕ್ಕೊಂದು, ನೂರಕ್ಕೊಂದು.

ಪ್ರಶ್ನೆ: ನಮ್ಮ ಅಂಕಿ ಇಷ್ಟು ಸುಲಭ ಇರೋವಾಗ ಯುರೋಪಿನೋರು ರೋಮನ್ನೇ ಯಾಕೆ ಅಷ್ಟು ಕಾಲ ಹಿಡ್ಕೊಂಡಿದ್ರು? (ಭದ್ರಾವತಿಯ ಓದುಗರು)

ಉತ್ತರ: ಭಯ, ಮತ್ತೆ ಅಭ್ಯಾಸ. ಇಟಲಿಯ ಪೀಸಾ ಊರಿನ ಗಣಿತಜ್ಞ ಫಿಬೊನಾಚಿ 1202ರಲ್ಲೇ "ಇಂಡಿಯಾದವರ ಒಂಬತ್ತು ಅಂಕಿ ಇವು" ಅಂತ ಶುರು ಮಾಡಿ ದೊಡ್ಡ ಪುಸ್ತಕ ಬರೆದ. ವ್ಯಾಪಾರಿಗಳು ಕಲಿತ್ರು ಕೂಡ. ಆದ್ರೆ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ ತಮ್ಮ ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿ ಬಳಸಬಾರದು ಅಂತ ನಿಯಮ ಮಾಡ್ತು. ಕಾರಣ ಊಹಿಸೋದು ಕಷ್ಟ ಅಲ್ಲ, 0 ಅನ್ನೋದನ್ನ ಒಂದು ಬಾಲ ಎಳೆದು 6 ಮಾಡಬಹುದು, 9 ಮಾಡಬಹುದು. ರೋಮನ್ನಲ್ಲೂ ಮೋಸ ಇಲ್ಲ ಅಂತಲ್ಲ, vii ಪಕ್ಕ ಇನ್ನೊಂದು ಕಡ್ಡಿ ಎಳೆದ್ರೆ ಎಂಟಾಗ್ತದಲ್ಲ, ಅದಕ್ಕೇ ಕೊನೇ i ಗೆ ಬಾಲ ಹಾಕಿ vij ಅಂತ ಬರೀತಿದ್ರು, ಇಲ್ಲಿಗೆ ಮುಗೀತು ಅಂತ. ನಾವು ಮೊತ್ತದ ಮುಂದೆ ಓರೆ ಗೀಟು, ಅಡ್ಡ ಗೀಟು ಹಾಕೋದೂ ಅದಕ್ಕೇ ತಾನೆ. ಇಂಗ್ಲಿಷ್ ಡಾಕ್ಟರುಗಳ ಚೀಟೀಲಿ ಆ ಬಾಲದ j ತುಂಬಾ ಕಾಲ ಉಳ್ಕೊಂಡಿತ್ತು.

ಪ್ರಶ್ನೆ: ಲಂಡನ್ ಟೂರಿಗೆ ಹೋದಾಗ ಅಡ್ಮಿರಾಲ್ಟಿ ಆರ್ಚ್ ಅನ್ನೋ ಕಮಾನಿನ ಮೇಲೆ MDCCCCX ಅಂತ ನೋಡಿದ್ವಿ. ನಾಲ್ಕು C ಇದೆ. ಅಂಥಾ ಕಡೇನೂ ಮಿಸ್ಟೇಕ್ ಮಾಡ್ತಾರಾ? (ಶಿವಮೊಗ್ಗ ವಿನೋಬನಗರದ ದಂಪತಿ)

ಉತ್ತರ: ಮಿಸ್ಟೇಕ್ ಅಲ್ಲ, 1910 ಅದು, ಬೇಕಂತಲೇ ಹಳೇ ಶೈಲಿ. ಇವತ್ತಿನ ಪದ್ಧತೀಲಿ ಬರೆದ್ರೆ MCMX. ಅಮೆರಿಕದ ಸೇಂಟ್ ಲೂಯಿಸ್ ಆರ್ಟ್ ಮ್ಯೂಸಿಯಂ ಕಟ್ಟಡದ ಮೇಲೆ ಇನ್ನೂ ವಿಚಿತ್ರ, 1903ಕ್ಕೆ MDCDIII. ಸಾವಿರ, ಐನೂರು, ಆಮೇಲೆ ನಾನೂರು, ಮೂರು. ಲೆಕ್ಕ ಸರಿ ಇದೆ, ಆದ್ರೆ ಇದನ್ನ ಹಳೇ ಪದ್ಧತಿ ಅನ್ನೋಕೂ ಆಗಲ್ಲ ಹೊಸದು ಅನ್ನೋಕೂ ಆಗಲ್ಲ, ನನಗಂತೂ ನೋಡಿದ್ರೆ ಹಲ್ಲಲ್ಲಿ ಕಲ್ಲು ಸಿಕ್ಕಂಗಾಗ್ತದೆ. ಸ್ವಾತಂತ್ರ್ಯ ಇದೆ ಅಂತ ಹಿಂಗಾ ಬಳಸೋದು.

ಪ್ರಶ್ನೆ: ಕೃಷ್ಣರಾಜ ಒಡೆಯರ್ ಹೆಸರಿನ ಮುಂದೆ ಇಂಗ್ಲಿಷಲ್ಲಿ IV ಹಾಕ್ತಾರೆ, ಕನ್ನಡದಲ್ಲೂ ಹಂಗೇ ಹಾಕಬಹುದಾ? (ಸೊರಬದ ಪಿಯು ವಿದ್ಯಾರ್ಥಿನಿ)

ಉತ್ತರ: ನಾಲ್ವಡಿ ಅಂತ ಅಷ್ಟು ಚಂದದ ಪದ ಇರೋವಾಗ ಯಾಕಮ್ಮಾ? ಇಮ್ಮಡಿ, ಮುಮ್ಮಡಿ, ನಾಲ್ವಡಿ, ಬಳಸಿ. ಅವರ ಆಳ್ವಿಕೆಯ ರಜತ ಮಹೋತ್ಸವಕ್ಕೆ ಕಟ್ಟಿದ ಮೈಸೂರಿನ ದೊಡ್ಡ ಗಡಿಯಾರ ನೋಡಿದೀಯಾ, ಅದ್ರಲ್ಲಿ ಇರೋದು ಕನ್ನಡ ಅಂಕಿ, IIII ಆ IV ಆ ಅನ್ನೋ ಜಗಳಾನೇ ಇಲ್ಲ.

ಪ್ರಶ್ನೆ: ರಿಪ್ಪನ್‌ಪೇಟೆ ಹತ್ರ ಹೊಸ ಮನೆ ಕಟ್ಟಿಸ್ತಿದೀವಿ, 2027ಕ್ಕೆ ಗೃಹಪ್ರವೇಶ. ಬಾಗಿಲ ಮೇಲೆ ಇಸವಿಯನ್ನ ರೋಮನ್ನಲ್ಲಿ ಕೆತ್ತಿಸೋ ಆಸೆ, ಆರ್ಕಿಟೆಕ್ಟ್ ಒಂದು ಹೇಳ್ತಾರೆ, ಕೆತ್ತನೆಯವರು ಒಂದು ಹೇಳ್ತಾರೆ. (ಓದುಗರು)

ಉತ್ತರ: MMXXVII. ನಿಮ್ಮ ಅದೃಷ್ಟಕ್ಕೆ ಈ ಇಸವೀಲಿ ನಾಲ್ಕು, ಒಂಬತ್ತು ಇಲ್ಲ, ಹಳಬರಿಗೂ ಹೊಸಬರಿಗೂ ಒಂದೇ. ಒಂದು ವೇಳೆ ಕೆಲ್ಸ ಲೇಟಾಗಿ 2029ಕ್ಕೆ ಹೋಯ್ತು ಅಂದ್ರೆ MMXXIX ಹಾಕ್ಸಿ, MMXXVIIII ಕೂಡ ತಪ್ಪಲ್ಲ ಆದ್ರೆ ಬಂದ ನೆಂಟ್ರಿಗೆಲ್ಲ ವಿವರಣೆ ಕೊಡೋಕೆ ನಿಮಗೆ ತಾಳ್ಮೆ ಇರ್ಬೇಕು. ಅಕ್ಷರಗಳನ್ನ ಕಲ್ಲಲ್ಲೇ ಕೆತ್ತಿಸಿ, ಮರದ ಮೇಲೆ ಬೇರೆ ಬೇರೆ ಅಕ್ಷರ ಅಂಟಿಸೋದು ಬೇಡ, ನಮ್ಮ ಮಳೆಗೆ ಒಂದು I ಉದುರಿದ್ರೆ ಮನೆಗೆ ಒಂದು ವರ್ಷ ವಯಸ್ಸು ಜಾಸ್ತಿ ಆಗ್ತದೆ.